ಬಸ್ಸಿಗೊಂದು ಬೇರೆ ಪಥ, ಮತ್ತು ಸಭೆಯಿಂದ ಎದ್ದು ಹೋದವರು

ಕೆಲವು ವರ್ಷಗಳ ಹಿಂದೆ ನಮ್ಮ ಕಡೆ ಒಂದು ರಸ್ತೆ ಅಗಲ ಮಾಡುವ ವಿಷಯಕ್ಕೆ ಸಾರ್ವಜನಿಕರ ಸಭೆ ಕರೆದಿದ್ದರು. ಮೂರು ಗಂಟೆಗೆ ಅಂತ ಹೇಳಿದ್ದು, ಶುರುವಾಗುವಾಗ ನಾಲ್ಕು. ಮೊದಲು ಸ್ವಾಗತ, ಆಮೇಲೆ ಹಾರ, ಆಮೇಲೆ ಪ್ರಾಸ್ತಾವಿಕ. ನಕ್ಷೆಯನ್ನು ಗೋಡೆಗೆ ಅಂಟಿಸಿದ್ದರು, ಎರಡನೇ ಸಾಲಿನಿಂದ ಆಚೆ ಕೂತವರಿಗೆ ಒಂದು ಅಕ್ಷರವೂ ಕಾಣುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದರು. ದಿನಾ ಬೆಳಿಗ್ಗೆ ಹಳ್ಳಿಯಿಂದ ಬಸ್ಸಿನಲ್ಲಿ ಹೂವು ತಂದು ಪೇಟೆಯಲ್ಲಿ ಮಾರುವವರು. ಮಗಳ ಕೈಯಲ್ಲಿ ಏನೋ ಬರೆಸಿಕೊಂಡು ಒಂದು ಚೀಟಿ ತಂದಿದ್ದರು, ಅದನ್ನು ಮಡಿಚುವುದು ಬಿಡಿಸುವುದು ಮಾಡುತ್ತಿದ್ದರು. ಅಂಗಡಿಯವರು ಮಾತಾಡಿದರು, ಕಟ್ಟಡದ ಮಾಲೀಕರು ಮಾತಾಡಿದರು, ಒಬ್ಬರು ಮೈಕ್ ಹಿಡಿದು ಕಾಲು ಗಂಟೆ ಬಿಡಲೇ ಇಲ್ಲ. ಐದೂಕಾಲಿಗೆ ಆ ಹೆಂಗಸು ಎದ್ದರು. "ಈ ಬಸ್ ತಪ್ಪಿದ್ರೆ ಮತ್ತೆ ನಮ್ಮೂರಿಗೆ ಬಸ್ಸಿಲ್ಲ ತಮಾ" ಅಂದರು. ಅವರ ಹಿಂದೆ ಇನ್ನೂ ಏಳೆಂಟು ಜನ ಎದ್ದರು. ಚೀಟಿ ಕೈಯಲ್ಲೇ ಉಳಿಯಿತು.

ಬಸ್ಸಿನಲ್ಲಿ ಓಡಾಡುವವರೆಲ್ಲ ಹೋದ ಮೇಲೆ ಆ ಸಭೆ ಇನ್ನೂ ಒಂದು ಗಂಟೆ ನಡೆಯಿತು.

ಬಸ್ ಪಥ ಅಂದರೆ ಏನು, ಅದನ್ನು ಮಾಡುವ ಮೊದಲು ಜನರ ಅಭಿಪ್ರಾಯ ಕೇಳುವುದು ಅಂದರೆ ಏನು ಅಂತ ಬರೆಯಲು ಕೂತಾಗ ನನಗೆ ಮೊದಲು ನೆನಪಾಗಿದ್ದು ಆ ಚೀಟಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲೇ ಒಂದು ಮಾತು: ಶಿರಸಿಗೋ ಕಾರವಾರಕ್ಕೋ ಬಸ್ ಪಥ ಬರುತ್ತಿದೆ ಅಂತ ನಾನು ಸುದ್ದಿ ಹಬ್ಬಿಸುತ್ತಿಲ್ಲ. ಶಿರಸಿಯ ಸಿ.ಪಿ. ಬಜಾರಿನಲ್ಲಿ ಒಂದು ಕಾರು ಅಡ್ಡ ನಿಂತರೆ ಹಿಂದೆ ಹತ್ತು ಗಾಡಿ ಹಾರ್ನ್ ಹೊಡೆಯುತ್ತವೆ, ಅಲ್ಲಿ ಬಸ್ಸಿಗೆ ಬೇರೆ ಜಾಗ ಎಲ್ಲಿಂದ ತರುವುದು? ಆದರೆ ಆಸ್ಪತ್ರೆಗೆ, ಕಾಲೇಜಿಗೆ, ಮದುವೆ ಬಟ್ಟೆಗೆ ಅಂತ ನಾವು ಹೋಗುವುದು ಹುಬ್ಬಳ್ಳಿಗೆ. ಅಲ್ಲಿ ಕಣ್ಣೆದುರೇ ಇದೆ.

ಹುಬ್ಬಳ್ಳಿ ಧಾರವಾಡದ ನಡುವೆ ಚಿಗರಿ ಬಸ್ಸು ಓಡುವ ದಾರಿ ಸುಮಾರು 22 ಕಿಲೋಮೀಟರ್. 2018ರಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾಯಿತು, 2020ರ ಫೆಬ್ರವರಿಯಲ್ಲಿ ಅಧಿಕೃತ ಉದ್ಘಾಟನೆ. ರಸ್ತೆಯ ನಡುವಿನ ಪಥ ಬಸ್ಸಿಗೆ ಮಾತ್ರ, ಉಳಿದ ವಾಹನಕ್ಕೆ ಎರಡೂ ಬದಿ. ನಿಲ್ದಾಣವೂ ನಡುವೆಯೇ. ಇದು ಬಸ್ ಪಥದ ದೊಡ್ಡ ರೂಪ. ಸಣ್ಣ ರೂಪವೂ ಇದೆ: ಇರುವ ರಸ್ತೆಯ ಎಡ ಅಂಚಿಗೆ ಬಣ್ಣ ಬಳಿದು, ಬೆಳಿಗ್ಗೆ ಸಂಜೆ ಎರಡೆರಡು ಗಂಟೆ ಇಲ್ಲಿ ಬಸ್ಸು ಮಾತ್ರ ಅಂತ ಬೋರ್ಡು ಹಾಕಿದರೆ ಅದೂ ಬಸ್ ಪಥವೇ.

ಯಾಕೆ ಬೇಕು ಅನ್ನುವುದಕ್ಕೆ ಒಂದು ಸುಮ್ನೆ ಲೆಕ್ಕ ಹಾಕೋಣ. ಒಂದು ಪಥದ ಅಗಲ ಮೂರೂವರೆ ಮೀಟರ್ ಅಂದುಕೊಳ್ಳಿ. ಸಿಗ್ನಲ್ ಇರುವ ಪೇಟೆ ರಸ್ತೆಯಲ್ಲಿ ಆ ಪಥದಲ್ಲಿ ಗಂಟೆಗೆ 700 ಕಾರು ಹೋದವು, ಕಾರಿಗೆ ಸರಾಸರಿ ಒಂದೂವರೆ ಜನ ಅಂತ ಹಿಡಿದರೆ 1,050 ಜನ ದಾಟಿದರು. ಅದೇ ಪಥದಲ್ಲಿ ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 50 ಜನ ಅಂದರೆ ಗಂಟೆಗೆ 3,000 ಜನ. ನಿಂತವರನ್ನು ಲೆಕ್ಕಕ್ಕೆ ಹಿಡಿದಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ನಿಂತವರೇ ಜಾಸ್ತಿ ಅನ್ನುವುದು ನಿಮಗೂ ಗೊತ್ತು.

ಇಲ್ಲಿ ಒಂದು ತಮಾಷೆ ಇದೆ, ಬಸ್ ಪಥದ ಜಗಳದಲ್ಲಿ ಅರ್ಧ ಇದರಿಂದಲೇ ಹುಟ್ಟುತ್ತದೆ. ಚೆನ್ನಾಗಿ ನಡೆಯುವ ಬಸ್ ಪಥ ನೋಡುವವರಿಗೆ ಖಾಲಿ ಕಾಣುತ್ತದೆ. ನಿಮಿಷಕ್ಕೊಂದು ಬಸ್ಸು, 40 ಕಿಲೋಮೀಟರ್ ವೇಗ ಅಂದರೆ ಎರಡು ಬಸ್ಸುಗಳ ನಡುವೆ ಸುಮಾರು 660 ಮೀಟರ್ ಅಂತರ. ಪಕ್ಕದ ಪಥದಲ್ಲಿ ಕಾರಿನಲ್ಲಿ ಸಿಕ್ಕಿಕೊಂಡವನಿಗೆ ಬಸ್ಸು ಕಣ್ಣ ಮುಂದೆ ಹಾದುಹೋಗುವುದು ಒಂದೆರಡು ಸೆಕೆಂಡು. ಉಳಿದ ಹೊತ್ತೆಲ್ಲ ಖಾಲಿ ಡಾಂಬರು. "ನೋಡಿ, ಇಷ್ಟು ಜಾಗ ಸುಮ್ಮನೆ ಬಿದ್ದಿದೆ, ನಮ್ಮನ್ನು ಬಿಡಬಾರದಾ?" ಅಂತ ಅವನಿಗೆ ಅನಿಸುವುದು ಸಹಜ. ಬಿಟ್ಟರೆ ಹತ್ತೇ ನಿಮಿಷದಲ್ಲಿ ಅದೂ ತುಂಬುತ್ತದೆ, ಆಗ ಬಸ್ಸೂ ಅವನ ಹಿಂದೆಯೇ ನಿಲ್ಲುತ್ತದೆ.

ದಿಲ್ಲಿಯಲ್ಲಿ ಹಾಗೇ ಆಯಿತು. ಅಂಬೇಡ್ಕರ್ ನಗರದಿಂದ ಮೂಲ್‌ಚಂದ್ ತನಕ 5.8 ಕಿಲೋಮೀಟರ್ ಬಸ್ ಪಥ 2008ರಲ್ಲಿ ಶುರುವಾಯಿತು. ಪಥ ಖಾಲಿ, ನಮಗೆ ಮಾತ್ರ ಜಾಮ್ ಅಂತ ಕಾರಿನವರ ಕೂಗು ಮೊದಲ ದಿನದಿಂದಲೂ ಇತ್ತು. ವಿಷಯ ಹೈಕೋರ್ಟಿಗೆ ಹೋಯಿತು, 2012ರಲ್ಲಿ ಕೋರ್ಟು ಆ ಅರ್ಜಿಯನ್ನು ವಜಾ ಮಾಡಿತು. ಕೋರ್ಟಿನಲ್ಲಿ ಉಳಿದ ಪಥ ರಾಜಕೀಯದಲ್ಲಿ ಉಳಿಯಲಿಲ್ಲ. 2015ರಲ್ಲಿ ತೆಗೆಯುವ ತೀರ್ಮಾನವಾಗಿ 2016ರಲ್ಲಿ ಕಿತ್ತರು. ಅಲ್ಲಿನ ವಿನ್ಯಾಸದಲ್ಲೂ ತಪ್ಪುಗಳಿದ್ದವು, ಸಿಗ್ನಲ್ಲಿನಲ್ಲಿ ಕಾಯುವ ಹೊತ್ತು ಜಾಸ್ತಿ ಇತ್ತು, ಅದನ್ನು ಮುಚ್ಚಿಡುವುದು ಬೇಡ. ಆದರೆ ಟಿವಿಯಲ್ಲಿ, ಪೇಪರಿನಲ್ಲಿ ಕಾರಿನವರ ದನಿ ಕೇಳಿದಷ್ಟು ಬಸ್ಸಿನವರ ದನಿ ಕೇಳಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಬಸ್ ಪಥಕ್ಕೆ ವಿರೋಧ ಮಾಡುವವರೆಲ್ಲ ಸ್ವಾರ್ಥಿಗಳು ಅಂತ ಅಲ್ಲ. ಎಡ ಅಂಚಿನ ಪಥ ಹಾಕಿದರೆ ಅಲ್ಲಿ ಬೈಕು ನಿಲ್ಲಿಸುವ ಹಾಗಿಲ್ಲ, ಕಿರಾಣಿ ಅಂಗಡಿಗೆ ಮೂಟೆ ಇಳಿಸುವ ಟೆಂಪೋ ನಿಲ್ಲುವ ಹಾಗಿಲ್ಲ, ರಿಕ್ಷಾ ಸ್ಟ್ಯಾಂಡು ಬೇರೆ ಕಡೆ ಹೋಗಬೇಕು. ಬುಟ್ಟಿ ಇಟ್ಟು ಮಾರುವವರು ಎಲ್ಲಿ ಕೂರಬೇಕು? ನಡುವಿನ ಪಥ ಹಾಕಿದರೆ ಅಂಗಡಿಯವರಿಗೆ ತಲೆಬಿಸಿ ಕಮ್ಮಿ, ಆದರೆ ಬಸ್ಸು ಹತ್ತುವ ಪ್ರತಿಯೊಬ್ಬರೂ ಅರ್ಧ ರಸ್ತೆ ದಾಟಬೇಕು, ವಯಸ್ಸಾದವರು, ಮಕ್ಕಳು ಎಲ್ಲರೂ. ದಾಟಲು ಸರಿಯಾದ ಸಿಗ್ನಲ್ ಕೊಡದೆ ನಡುವೆ ನಿಲ್ದಾಣ ಕಟ್ಟುವುದು ಅಪಾಯ. ಇನ್ನು ಗಂಟೆಗೆ ನಾಲ್ಕೇ ಬಸ್ಸು ಓಡುವ ರಸ್ತೆಗೆ ಬಸ್ ಪಥ ಮಾಡುವುದು ಮನೆಯಲ್ಲಿ ಒಬ್ಬನೇ ಇದ್ದು ಹಂಡೆಯಲ್ಲಿ ಅನ್ನಕ್ಕಿಟ್ಟ ಹಾಗೆ.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರ ಕೊನೆಗೆ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಅಂಚಿನ ಬಸ್ ಪಥ ಮಾಡಿದ್ದರು, ಕಂಬ ನೆಟ್ಟು ಬೇರೆ ಮಾಡಿದ್ದರು. ಒಂದು ವರ್ಷ ಪೂರ್ತಿ ಪರೀಕ್ಷೆ ಆಗುವ ಮೊದಲೇ ಕೋವಿಡ್ ಬಂತು, ಆಮೇಲೆ ಅದೇ ರಸ್ತೆಯಲ್ಲಿ ಮೆಟ್ರೋ ಕೆಲಸ. ನಮ್ಮ ಕಡೆಗಾದರೆ ಅಂಚಿನ ಪಥಕ್ಕೆ ಇನ್ನೊಂದು ಶತ್ರು ಇದೆ, ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ರಸ್ತೆಯ ಎಡ ಅಂಚು ಅಂದರೆ ಅರ್ಧ ಗಟಾರ. ಬಸ್ಸು ಅಲ್ಲೇ ಓಡಬೇಕು ಅಂತ ನಕ್ಷೆ ಬರೆಯುವವರು ಬೇಸಿಗೆಯಲ್ಲಿ ಬಂದು ಅಳತೆ ತೆಗೆದು ಹೋಗಿರುತ್ತಾರೆ.

ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. ಬಸ್ಸು ತಡವಾಗುವುದು ಮೂರು ಕಡೆ: ದಟ್ಟಣೆಯಲ್ಲಿ, ಸರ್ಕಲ್ಲಿನಲ್ಲಿ, ಸ್ಟಾಪಿನಲ್ಲಿ. ಪಥದಿಂದ ಸರಿಯಾಗುವುದು ಮೊದಲನೆಯದು ಮಾತ್ರ. ಸರ್ಕಲ್ಲಿಗೆ ಬಂದ ಕೂಡಲೇ ಪಥ ಮುಗಿದು ಎಲ್ಲರ ಜೊತೆ ಕ್ಯೂ ನಿಲ್ಲಬೇಕಾದರೆ ಹಿಂದೆ ಉಳಿಸಿದ ಹೊತ್ತೆಲ್ಲ ಅಲ್ಲೇ ಹೋಯಿತು. ಸ್ಟಾಪಿನ ವಿಷಯ ಅಂತೂ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜುಲೈ ತಿಂಗಳ ಸಂಜೆ ಹಳೇ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಒಂದೇ ಬಾಗಿಲು, ಕೆಳಗೆ ಇಪ್ಪತ್ತು ಜನ, ಪ್ರತಿಯೊಬ್ಬರೂ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಿರುಗಿ, ಕೊಡೆ ಮಡಿಚಿ, ನೀರು ಕೊಡವಿ ಒಳಗೆ ಹೋಗಬೇಕು. ಕೊಡವಿದ ನೀರು ಹಿಂದಿನವರ ಮುಖಕ್ಕೆ. ಕಂಡಕ್ಟರ್ "ಒಳಗೆ ಹೋಗ್ರೀ, ಒಳಗೆ ಹೋಗ್ರೀ" ಅಂತ ಬಡಿದುಕೊಳ್ಳುತ್ತಾನೆ. ಇಲ್ಲಿ ಹೋದ ಐದು ನಿಮಿಷವನ್ನು ಯಾವ ಬಸ್ ಪಥವೂ ವಾಪಸ್ ಕೊಡುವುದಿಲ್ಲ. ಅದಕ್ಕೆ ಬೇಕಾದ್ದು ಎರಡು ಬಾಗಿಲು, ಸ್ಟಾಪಿಗೆ ಸರಿಯಾದ ಮಾಡು.

ಈಗ ಜನರನ್ನು ಕೇಳುವ ವಿಷಯ. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದು ಹೊಸದಲ್ಲ. ಅಹವಾಲು ಸಭೆ ಅಂದರೆ ನಮಗೆ ಗೊತ್ತು, 2018ರ ಡಿಸೆಂಬರ್‌ನಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರದ 5 ಮತ್ತು 6ನೇ ಘಟಕಕ್ಕೆ ನಡೆದದ್ದು ಇನ್ನೂ ಮಾತಿನಲ್ಲಿದೆ. ಹೆದ್ದಾರಿ ಚತುಷ್ಪಥಕ್ಕೆ ಜಾಗ ಹೋದವರಿಗೆ 21 ದಿನದ ಆಕ್ಷೇಪಣೆ ಅಂದರೆ ಏನು ಅಂತಲೂ ಗೊತ್ತು. ಆದರೆ ಇವೆಲ್ಲ ಬೇರೆ ಬೇರೆ ಕಾನೂನಿನ ಬೇರೆ ಬೇರೆ ಬಾಗಿಲುಗಳು. ಪರಿಸರ ಅನುಮತಿ ಬೇಕಾದ ದೊಡ್ಡ ಯೋಜನೆಗೆ 2006ರ ಅಧಿಸೂಚನೆ ಪ್ರಕಾರ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ತಿಳಿಸಿ ಸಭೆ ನಡೆಸಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಬಂದ ಅಧಿಕಾರಿ ಅಧ್ಯಕ್ಷತೆ. ಇಷ್ಟೇ ಜನ ಇರಬೇಕು ಅನ್ನುವ ಕೋರಂ ಅದಕ್ಕಿಲ್ಲ, ನಾಲ್ಕೇ ಜನ ಬಂದರೂ ಸಭೆ ಸಭೆಯೇ. ರಾಷ್ಟ್ರೀಯ ಹೆದ್ದಾರಿಗೆ ಜಾಗ ತೆಗೆದುಕೊಳ್ಳುವುದಾದರೆ 1956ರ ಕಾಯ್ದೆ, 21 ದಿನ. ಮರ ಕಡಿಯುವುದಿದ್ದರೆ ಅದಕ್ಕೆ ಬೇರೆ ಕಾಯ್ದೆ, ಬೇರೆ ಅಧಿಕಾರಿ. 1983ರಲ್ಲಿ ಮರ ಉಳಿಸುವ ಅಪ್ಪಿಕೋ ಚಳವಳಿ ಶುರುವಾದ ತಾಲ್ಲೂಕು ನಮ್ಮದು, ಮರದ ವಿಷಯಕ್ಕೆ ಜನ ತಾವಾಗಿಯೇ ಬರುತ್ತಾರೆ ಬಿಡಿ.

ಬರೀ ಬಣ್ಣ ಬಳಿದು ಬಸ್ ಪಥ ಮಾಡುವುದಾದರೆ? ಜಾಗ ಬೇಡ, ಮರ ಕಡಿಯುವುದು ಬೇಡ. ಆಗ ಸಾಕಾಗುವುದು ಮೋಟಾರು ವಾಹನ ಕಾಯ್ದೆ 1988ರ ಕಲಂ 115. ದೇವಿಮನೆ ಘಾಟಿನಲ್ಲಿ ಕೆಲಸ ನಡೆಯುವಾಗ ಕುಮಟಾ ಶಿರಸಿ ರಸ್ತೆ ಬಂದ್ ಅಂತ ಜಿಲ್ಲಾಧಿಕಾರಿ ಆದೇಶ ಬರುತ್ತಿತ್ತಲ್ಲ, ಅದರ ಕೆಳಗೆ ಬರೆದಿರುವ ಕಲಂ ಇದೇ. ಒಂದು ರಸ್ತೆಯಲ್ಲಿ ಯಾವ ವಾಹನ ಹೋಗಬಾರದು ಅಂತ ನಿರ್ಬಂಧ ಹಾಕುವ ಅಧಿಕಾರ. ಒಂದು ತಿಂಗಳಿಗಿಂತ ಜಾಸ್ತಿ ಇರುವುದಾದರೆ ರಾಜ್ಯಪತ್ರದಲ್ಲಿ ಬರಬೇಕು, ಕಮ್ಮಿ ಇದ್ದರೆ ಊರಲ್ಲಿ ಪ್ರಚಾರ ಮಾಡಿದರೆ ಸಾಕು. ಮೊದಲು ಜನರನ್ನು ಕೇಳಲೇಬೇಕು ಅಂತ ಅದರಲ್ಲಿ ಇಲ್ಲ. ಅಂದರೆ ನಮ್ಮಲ್ಲಿ ಬಸ್ ಪಥದ ಬಗ್ಗೆ ಯಾರಾದರೂ ಅಭಿಪ್ರಾಯ ಕೇಳಿದರೆ ಅದು ಹೆಚ್ಚಾಗಿ ಅವರ ಒಳ್ಳೆ ಬುದ್ಧಿಯಿಂದ, ಕಾನೂನಿನ ಬಲವಂತದಿಂದ ಅಲ್ಲ.

ಬೇರೆ ಕಡೆ ಹೀಗಿಲ್ಲ. ನನ್ನ ಚಿಕ್ಕಪ್ಪನ ಮಗ ಐರ್ಲೆಂಡಿನ ಡಬ್ಲಿನ್‌ನಲ್ಲಿ ಬಾಡಿಗೆಗಿದ್ದಾನೆ. ಅಲ್ಲಿ ಬಸ್‌ಕನೆಕ್ಟ್ಸ್ ಅಂತ ಯೋಜನೆ ಮುಂದಿಟ್ಟರು, ಊರಿನೊಳಗೆ ಬರುವ ದೊಡ್ಡ ರಸ್ತೆಗಳಿಗೆಲ್ಲ ಬಸ್ ಪಥ. ಒಂದಿನ ಅವನ ಫೋನು. "ಅಣ್ಣಾ, ಮನೆ ಮುಂದಿನ ಅಂಗಳದ ಮೇಲೆ ಕೆಂಪು ಗೆರೆ ಎಳೆದ ನಕ್ಷೆ ಬಂದಿದೆ, ಮನೆ ಓನರ್ ಅಜ್ಜಿ ಬೆಳಿಗ್ಗೆಯಿಂದ ಯಾರ ಹತ್ರನೂ ಮಾತಾಡ್ತಿಲ್ಲ" ಅಂದ. ಅಜ್ಜಿಯ ಗುಲಾಬಿ ಬೇಲಿ ಗೆರೆಯ ಒಳಗೆ ಬಂದಿತ್ತು. ಮೊದಲ ಕರಡಿನಲ್ಲಿ 16 ಕಾರಿಡಾರ್, ಅಂದರೆ ಬಸ್ ಪಥದ ದಾರಿಗಳು, ಇದ್ದವು, ಆಮೇಲೆ ಸೇರಿಸಿ 12 ಮಾಡಿದರು. 2018ರಿಂದ 2020ರೊಳಗೆ ಮೂರು ಸುತ್ತು ಜನರ ಅಭಿಪ್ರಾಯ ಕೇಳಿದರು, ಪ್ರತಿ ಸುತ್ತಿಗೂ ನಕ್ಷೆ ಬದಲಾಯಿತು. ಕೆಲವು ಕಡೆ ಅಂಗಳ ತೆಗೆದು ರಸ್ತೆ ಅಗಲ ಮಾಡುವ ಬದಲು ಬಸ್ ಗೇಟ್ ಅಂತ ಮಾಡಿದರು. ಗೇಟ್ ಅಂದರೆ ಬಾಗಿಲಲ್ಲ, ರಸ್ತೆಯ ಒಂದು ಸಣ್ಣ ತುಂಡಿನಲ್ಲಿ ಬಸ್ಸಿಗೆ ಮಾತ್ರ ಪ್ರವೇಶ, ಕಾರಿನವರು ಸುತ್ತು ಹಾಕಿ ಹೋಗಬೇಕು. ಅಗಲ ಇಲ್ಲದ ಹಳೇ ಪೇಟೆಗೆ ಇದು ಒಳ್ಳೆ ಉಪಾಯ, ನಮ್ಮಂಥ ಊರಿನವರು ನೋಡಿಟ್ಟುಕೊಳ್ಳಬೇಕಾದ್ದು ಅಂತ ನನಗೆ ಅನಿಸಿತು.

ಇಂಗ್ಲೆಂಡಿನಲ್ಲಿ ಬಸ್ ಪಥಕ್ಕೆ ಆದೇಶ ಮಾಡುವ ಮೊದಲು ಆಕ್ಷೇಪಣೆಗೆ ಕನಿಷ್ಠ 21 ದಿನ ಕೊಡಬೇಕು. ಅಲ್ಲಿ ಇನ್ನೊಂದು ದಾರಿ ಇದೆ, ಅದು ನನಗೆ ಇದಕ್ಕಿಂತ ಇಷ್ಟ. ಪ್ರಾಯೋಗಿಕ ಆದೇಶ ಅಂತ. ಮೊದಲು ಪಥ ಹಾಕಿಬಿಡುತ್ತಾರೆ, ಹೆಚ್ಚೆಂದರೆ 18 ತಿಂಗಳು. ಮೊದಲ ಆರು ತಿಂಗಳು ಜನ ಆಕ್ಷೇಪಣೆ ಬರೆಯಬಹುದು. ಕಾಗದದ ನಕ್ಷೆ ನೋಡಿ ಹೆದರುವುದಕ್ಕಿಂತ ರಸ್ತೆಯಲ್ಲಿ ಓಡಿದ್ದನ್ನು ನೋಡಿ ಬಯ್ಯುವುದು ಒಳ್ಳೆಯದಲ್ವಾ? ಅಂಗಡಿಯವನಿಗೆ ವ್ಯಾಪಾರ ನಿಜವಾಗಿ ಇಳಿಯಿತಾ ಇಲ್ಲವಾ ಅಂತ ಆರು ತಿಂಗಳಲ್ಲಿ ಗಲ್ಲಾ ಪೆಟ್ಟಿಗೆಯೇ ಹೇಳುತ್ತದೆ.

ಕೇಳಿದ ಹಾಗೆ ಮಾಡುವುದಕ್ಕೂ ನಿಜವಾಗಿ ಕೇಳುವುದಕ್ಕೂ ವ್ಯತ್ಯಾಸ ಏನು ಅನ್ನುವುದಕ್ಕೆ ಅಲ್ಲಿನ ಕೋರ್ಟುಗಳು ಒಂದು ಅಳತೆಗೋಲು ಇಟ್ಟುಕೊಂಡಿವೆ. 1985ರ ಗನ್ನಿಂಗ್ ಪ್ರಕರಣ. ಅದು ರಸ್ತೆಯ ಜಗಳ ಅಲ್ಲ, ಲಂಡನ್ನಿನ ಬ್ರೆಂಟ್‌ನಲ್ಲಿ ಶಾಲೆ ಮುಚ್ಚುವ ವಿಷಯ. ತೀರ್ಮಾನ ಇನ್ನೂ ಹಸಿ ಇರುವಾಗಲೇ ಕೇಳಬೇಕು, ಜನ ಯೋಚಿಸಿ ಉತ್ತರ ಕೊಡುವಷ್ಟು ಮಾಹಿತಿ ಕೊಡಬೇಕು, ಸಾಕಷ್ಟು ಹೊತ್ತು ಕೊಡಬೇಕು, ಬಂದ ಉತ್ತರವನ್ನು ಮನಸ್ಸಿಟ್ಟು ಓದಿ ಆಮೇಲೆ ತೀರ್ಮಾನ ಮಾಡಬೇಕು. ಇಷ್ಟೇ. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಇದನ್ನು ಒಪ್ಪಿತು. ನಾನು ಹೋಗಿದ್ದ ಸಭೆಯನ್ನು ಇದರ ಪಕ್ಕ ಇಟ್ಟು ನೋಡಿದರೆ ನಗು ಬರುತ್ತದೆ. ನಕ್ಷೆ ಕಂಡದ್ದೇ ಆ ದಿನ, ಅದೂ ಎರಡು ಸಾಲಿಗೆ ಮಾತ್ರ.

ಒಂದು ತಪ್ಪು ಕಲ್ಪನೆ ಎಲ್ಲ ಕಡೆಯೂ ಇದೆ. ಇದು ಓಟು ಅಂತ. ಪರ ಇನ್ನೂರು, ವಿರೋಧ ಮುನ್ನೂರು, ಆದ್ದರಿಂದ ಬಿದ್ದುಹೋಯಿತು ಅಂತ ಅಲ್ಲ. ಒಂದೇ ಒಕ್ಕಣೆಯ ಮುನ್ನೂರು ಅರ್ಜಿಗೆ ಸಹಿ ಹಾಕಿಸಿ ಕೊಟ್ಟರೆ ಅದನ್ನು ಒಂದೇ ವಿಷಯ ಅಂತ ಹಿಡಿದು ಒಂದು ಸಾಲಿನ ಉತ್ತರ ಕೊಡಬಹುದು. ಎಂಜಿನಿಯರಿಗೆ ಉಪಯೋಗಕ್ಕೆ ಬರುವುದು ಅವನಿಗೆ ಗೊತ್ತಿಲ್ಲದ ಸಂಗತಿ. "ಜನರಿಗೆ ತೊಂದರೆಯಾಗುತ್ತದೆ" ಅಂತ ಬರೆದರೆ ಅವನು ಏನು ಮಾಡಬೇಕು? "ಬೆಳಿಗ್ಗೆ 9ರಿಂದ ಮುಕ್ಕಾಲು ಗಂಟೆ ಶಾಲೆಯ ಗೇಟಿನ ಮುಂದೆ ರಿಕ್ಷಾಗಳು ಎಡಬದಿಗೆ ನಿಂತು ಮಕ್ಕಳನ್ನು ಇಳಿಸುತ್ತವೆ, ಆಗ ಬಸ್ಸು ಹೇಗೂ ಹೊರಗೆ ಬರಬೇಕಾಗುತ್ತದೆ, ರಿಕ್ಷಾ ನಿಲ್ಲಲು ಪಕ್ಕದ ಓಣಿಯಲ್ಲಿ ಜಾಗ ಇದೆ" ಅಂತ ಬರೆದರೆ ನಕ್ಷೆಯಲ್ಲಿ ಗೆರೆ ಸರಿಸಬಹುದು. ಜಾಗ, ಹೊತ್ತು, ಯಾರಿಗೆ, ಏನು. ಎರಡು ಪ್ರತಿ ಮಾಡಿ, ಒಂದನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ ಸಾಹೇಬರಿಗೆ ಹೇಳಿ ಬಂದದ್ದು ಸಾಹೇಬರ ವರ್ಗಾವಣೆಯ ಜೊತೆ ಹೋಗುತ್ತದೆ.

ಯಾರಿಗೆ ಕೊಡಬೇಕು ಅನ್ನುವುದು ಇನ್ನೊಂದು ಗೋಜಲು. ಕಾರವಾರದಲ್ಲಿ ಕಡಲ ಬದಿಯಿಂದ ಹಾದುಹೋಗುವ ರಸ್ತೆ ರಾಷ್ಟ್ರೀಯ ಹೆದ್ದಾರಿ 66, ಅದಕ್ಕೆ ಕೇಂದ್ರದ ಹೆದ್ದಾರಿಯವರು. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ. ಒಳಗಿನ ಓಣಿ ನಗರಸಭೆ. ಬಸ್ಸು ಓಡಿಸುವುದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆ. ದಂಡ ಹಾಕುವುದು ಪೊಲೀಸರು, ನಿರ್ಬಂಧದ ಆದೇಶ ಜಿಲ್ಲಾಧಿಕಾರಿ. ಒಂದೇ ರಸ್ತೆಗೆ ಇಷ್ಟು ಯಜಮಾನರು. ಎಲ್ಲರಿಗೂ ಒಂದೊಂದು ಪ್ರತಿ ಹಾಕುವುದೇ ಸುಲಭ.

ಎಷ್ಟು ವಾಹನ, ಎಷ್ಟು ಬಸ್ಸು, ಬಸ್ಸಿನಲ್ಲಿ ಎಷ್ಟು ಜನ ಅಂತ ಎಣಿಸಿದ್ದಾರಾ ಅನ್ನುವುದನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ನಮ್ಮ ರಾಜ್ಯದ ನಿಯಮದಂತೆ 150 ಪದದೊಳಗೆ, ಒಂದೇ ವಿಷಯ. ಉತ್ತರಕ್ಕೆ 30 ದಿನ. ಆಕ್ಷೇಪಣೆಗೆ 21 ದಿನ ಅಂತಿದ್ದರೆ ಮಾಹಿತಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ, ಅದಕ್ಕೇ ಗಾಳಿಸುದ್ದಿ ಇರುವಾಗಲೇ ಅರ್ಜಿ ಹಾಕುವುದು ಜಾಣತನ. ಬೀದಿ ಬದಿ ಕೂತು ಮಾರುವವರಿಗೆ ಮಾತ್ರ ಒಂದು ಆಸರೆ ಇದೆ: 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಎಬ್ಬಿಸುವುದಾದರೆ 30 ದಿನದ ನೋಟಿಸು ಕೊಡಬೇಕು, ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ರಷ್ಟಾದರೂ ಅವರೇ ಇರಬೇಕು.

ಆದರೆ ಇಷ್ಟೆಲ್ಲ ಮಾಡುವವರು ಯಾರು? ಅಂಗಡಿ ಇರುವವರು, ಕಾರು ಇರುವವರು, ಮಧ್ಯಾಹ್ನ ಮೂರಕ್ಕೆ ಬಿಡುವು ಇರುವವರು. ಬಸ್ ಪಥದಿಂದ ಲಾಭ ಆಗುವವರು ಆ ಹೊತ್ತಿಗೆ ಬಸ್ಸಿನಲ್ಲಿರುತ್ತಾರೆ, ಕೆಲಸದಲ್ಲಿರುತ್ತಾರೆ, ಇಲ್ಲಾ ಕೊನೆ ಬಸ್ಸಿಗೆ ಓಡುತ್ತಿರುತ್ತಾರೆ. ನಷ್ಟ ಆಗುವವನಿಗೆ ತನ್ನ ನಷ್ಟ ಖಚಿತವಾಗಿ ಗೊತ್ತು. ಬಸ್ ಪಥದಿಂದ ಹತ್ತು ನಿಮಿಷ ಉಳಿತಾಯ ಆಗುವವಳಿಗೆ ಆ ಲಾಭ ಇನ್ನೂ ಸಿಕ್ಕಿಲ್ಲ, ಸಿಗದೇ ಇರುವುದಕ್ಕೆ ಯಾರು ಸಭೆಗೆ ಬರುತ್ತಾರೆ? ಅದಕ್ಕೇ ನನಗೆ ಅನಿಸುವುದು, ಬಸ್ಸಿನ ವಿಷಯಕ್ಕೆ ಸಭಾಭವನದಲ್ಲಿ ಸಭೆ ಕರೆಯುವುದೇ ತಪ್ಪು. ಬಸ್ ಸ್ಟ್ಯಾಂಡಿಗೆ ಹೋಗಬೇಕು. ಪ್ಲಾಟ್‌ಫಾರ್ಮಿನಲ್ಲಿ ನಕ್ಷೆ ಕಣ್ಣೆತ್ತರಕ್ಕೆ ಹಚ್ಚಿ, ಬಸ್ಸಿಗೆ ಕಾಯುವ ಕಾಲು ಗಂಟೆಯಲ್ಲಿ ಕೇಳಬೇಕು, ಬರೆಯಲು ಬರದವರದ್ದನ್ನು ಬರೆದುಕೊಳ್ಳಬೇಕು. ಓಡುವ ಬಸ್ಸಿನಲ್ಲಿ ಟಿಕೆಟಿನ ಜೊತೆ ಒಂದು ಚೀಟಿ ಕೊಟ್ಟರೂ ಆದೀತು.

ಹೂವಿನ ಹೆಂಗಸು ಎರಡು ವಾರದ ಮೇಲೆ ಸಿಕ್ಕಿದರು. ಚೀಟಿಯ ನೆನಪು ಮಾಡಿದೆ. ಬುಟ್ಟಿಯ ಅಡಿಯಲ್ಲಿ ಬಾಳೆ ಎಲೆಯ ಕೆಳಗೆ ಇನ್ನೂ ಇತ್ತು, ಒದ್ದೆಯಾಗಿ ಶಾಯಿ ಹರಡಿತ್ತು. ನಾಲ್ಕೇ ಸಾಲು. ಹೊಸ ಬಸ್ ಸ್ಟಾಪು ಗುರುತು ಹಾಕಿದ ಜಾಗದಲ್ಲಿ ಮಳೆಗಾಲಕ್ಕೆ ಗಟಾರ ಉಕ್ಕುತ್ತದೆ, ಮೊಣಕಾಲ ತನಕ ನೀರು, ಅಲ್ಲಿ ನಿಲ್ಲಲು ಆಗುವುದಿಲ್ಲ, ಸ್ವಲ್ಪ ಮೇಲೆ ಹಾಕಿ ಅಂತ. ನಾನು ಅದನ್ನು ಬೇರೆ ಹಾಳೆಯಲ್ಲಿ ಬರೆದು ಕೊಟ್ಟು ಬಂದೆ. ಅಷ್ಟರಲ್ಲಿ ಟೆಂಡರ್ ಆಗಿತ್ತು.

ಸ್ಟಾಪು ಅಲ್ಲೇ ಕಟ್ಟಿದ್ದಾರೆ, ಒಳಗೆ ಸ್ಟೀಲಿನ ಕುರ್ಚಿ ಇದೆ. ಜೂನ್ ಬಂದರೆ ಜನ ಇಪ್ಪತ್ತು ಹೆಜ್ಜೆ ಮೇಲೆ, ಮೆಡಿಕಲ್ ಶಾಪಿನ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಡ್ರೈವರಿಗೂ ಗೊತ್ತು, ಅಲ್ಲೇ ಬ್ರೇಕು ಹಾಕುತ್ತಾನೆ.